ಒಂದೇ ಬಯಲು, ಹತ್ತು ಕೆಲಸ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಆಟದ ಬಯಲೆಂದರೆ ಆಟಕ್ಕಷ್ಟೇ ಅಲ್ಲ. ಸಭೆಯ ಪೆಂಡಾಲೂ ಅಲ್ಲೇ. ಇದು ಸಣ್ಣ ಊರಿನ ತಾಪತ್ರಯ ಅಂತ ತಿಳಿಯಬ್ಯಾಡ್ರಿ, ರಾಜಧಾನಿಯದೂ ಇದೇ ಕಥೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುತ್ತ ಓಟದ ಟ್ರ್ಯಾಕು, ನಡುವೆ ಫುಟ್‌ಬಾಲಿನ ಹುಲ್ಲು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡ ಮರುವರ್ಷ ಇಲ್ಲಿಗೆ ಬಂತು. 2023ರ ಜುಲೈ 4ರಂದು ಭಾರತ ಕುವೈತನ್ನು ಪೆನಾಲ್ಟಿಯಲ್ಲಿ 5-4ರಿಂದ ಸೋಲಿಸಿ ಸ್ಯಾಫ್ ಕಪ್ ಗೆದ್ದದ್ದೂ ಇಲ್ಲೇ.

ಆದರೆ ಓಟಗಾರರ ತಕರಾರು ಎದ್ದಿತು: ಪಂದ್ಯದ ದಿನ ಅಭ್ಯಾಸ ಎಲ್ಲಿ ಮಾಡೋಣ? ಹ್ಯಾಮರ್ ಎಸೆಯುವವರಿಗೂ ಆ ಹುಲ್ಲೇ ಬೇಕು. ಎಸೆದರೆ ಕುಳಿ ಬೀಳುತ್ತದೆ, ಚೆಂಡಿನವರಿಗೆ ಸಮತಟ್ಟು ಬೇಕು. ಅಲ್ಲಿ ಹ್ಯಾಮರ್ ಮಾಡುವ ಕೆಲಸ ನಮ್ಮಲ್ಲಿ ಪೆಂಡಾಲಿನ ಗೂಟ ಮಾಡುತ್ತದೆ. ಸಭೆ ಮುಗಿಸಿ ನಾವು ಮನೆಗೆ ಹೋಗುತ್ತೇವೆ. ಮರುದಿನ ಗೂಟದ ಕುಳಿಯಲ್ಲಿ ಕಾಲು ಉಳುಕುವುದು ಆಡುವ ಹುಡುಗರದು.