ದೂರಾ ಯುರೋಪೋಸ್‌ನ ದೀಕ್ಷಾಸ್ನಾನದ ಕೋಣೆ
ಸಿರಿಯಾ, ಕ್ರಿ.ಶ. 3ನೇ ಶತಮಾನ

ಯೂಫ್ರಟಿಸ್ ನದಿದಂಡೆಯ ಈ ಕೋಟೆಪಟ್ಟಣದಲ್ಲಿ ಕ್ರೈಸ್ತರು 240ರ ದಶಕದ ಹೊತ್ತಿಗೆ ವಾಸದ ಮನೆಯೊಂದನ್ನೇ ಆರಾಧನೆಯ ತಾಣ ಮಾಡಿಕೊಂಡಿದ್ದರು. ಅದರ ಒಂದು ಕೋಣೆಯಲ್ಲಿ, ಕಂಬಗಳ ಮೇಲೆ ನಿಂತ ಕಮಾನಿನಡಿ, ಸುಮಾರು ಒಂದು ಮೀಟರ್ ಆಳದ ನೀರಿನ ತೊಟ್ಟಿ. ಕಮಾನಿನ ಒಳಮೈಗೆ ಕಡುನೀಲಿ ಬಳಿದು ನಕ್ಷತ್ರಗಳನ್ನು ಬರೆದಿದ್ದಾರೆ. ತೊಟ್ಟಿಗಿಳಿದವರು ತಲೆಯೆತ್ತಿದರೆ ಕಾಣುತ್ತಿದ್ದುದು ಇದೇ ಆಕಾಶ.

ತೊಟ್ಟಿಯ ಹಿಂದೆ ಕುರಿಯನ್ನು ಹೆಗಲಿಗೇರಿಸಿಕೊಂಡ ಕುರುಬನ ಚಿತ್ರ. ಮತ್ತೊಂದು ಗೋಡೆಯಲ್ಲಿ ಬೆಳಕು ಹಿಡಿದು ದೊಡ್ಡದೊಂದು ಕಟ್ಟಡದತ್ತ ನಡೆದಿರುವ ಹೆಂಗಸರು. ಅವರು ಮದುವೆಗೆ ಹೊರಟ ಕನ್ಯೆಯರೆಂಬ ವಾದವೂ ಇದೆ. ಆದರೆ ಯೇಸುವಿನ ಸಮಾಧಿಗೆ ಬಂದವರೆಂಬ ಓದು ಈ ಕೋಣೆಗೆ ಚೆನ್ನಾಗಿಯೇ ಒಪ್ಪುತ್ತದೆ. ನೀರಿಗಿಳಿಯುವುದು ಕ್ರಿಸ್ತನೊಡನೆ ಹೂಳಲ್ಪಡುವುದು, ಮೇಲೇಳುವುದು ಆತನೊಡನೆ ಹೊಸ ಬದುಕಿಗೆ ಏಳುವುದು ಎಂದು ಪೌಲ ರೋಮಾಪುರದವರಿಗೆ ಬರೆದಿದ್ದ. ನೀರಿನಿಂದಲೂ ಆತ್ಮದಿಂದಲೂ ಹುಟ್ಟದವರು ದೇವರ ರಾಜ್ಯ ಸೇರಲಾರರೆಂದು ಯೇಸು ನಿಕೊದೇಮನಿಗೆ ಹೇಳಿದ್ದು ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿದೆ. ಪಾಪಕ್ಷಮೆ, ಸಭೆಯೆಂಬ ಹೊಸ ಕುಟುಂಬ, ಎರಡೂ ಈ ಹುಟ್ಟಿನ ಭಾಗ. ಇಂದು ಹಲವು ಸಭೆಗಳು ಕೂಸುಗಳಿಗೂ ದೀಕ್ಷಾಸ್ನಾನ ಕೊಡುತ್ತವೆ. ಬ್ಯಾಪ್ಟಿಸ್ಟರು, ಪೆಂತೆಕೊಸ್ತರು ತಾವೇ ನಂಬಿಕೆ ಅರಿಕೆ ಮಾಡಿದವರಿಗೆ ಮಾತ್ರ.

ಪರ್ಷಿಯಾದ ಸಸಾನಿಯರ ಮುತ್ತಿಗೆಯನ್ನು ತಡೆಯಲು ರೋಮನ್ ಸೈನಿಕರು ಈ ಮನೆಯೂ ಸೇರಿದಂತೆ ಕೋಟೆಗೋಡೆಗೆ ಹೊಂದಿಕೊಂಡ ಮನೆಗಳಲ್ಲಿ ಮಣ್ಣು ತುಂಬಿದರು. ಸುಮಾರು 256ರಲ್ಲಿ ಪಟ್ಟಣ ಬಿತ್ತು. ಮಣ್ಣಿನಡಿ ಚಿತ್ರಗಳು ಉಳಿದವು. 1930ರ ದಶಕದ ಆರಂಭದಲ್ಲಿ ಉತ್ಖನನದಲ್ಲಿ ಸಿಕ್ಕ ಅವು ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿವೆ.