ಕನ್‌ಸ್ಟ್ರಕ್ಟರ್ ಆಬ್ಜೆಕ್ಟನ್ನು ಸೃಷ್ಟಿಸುತ್ತದೆಯೇ?

“ಆಬ್ಜೆಕ್ಟನ್ನು ಸೃಷ್ಟಿಸುವುದೇ ಕನ್‌ಸ್ಟ್ರಕ್ಟರ್.” ಕ್ಯಾಂಪಸ್ ಸಂದರ್ಶನಕ್ಕೆಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಪ್ರಶ್ನೋತ್ತರಗಳಲ್ಲಿ ಈ ಸಾಲು ನಿಮಗೂ ಸಿಕ್ಕಿರಬಹುದು. ಇದು ಅರ್ಧ ಸತ್ಯ. ಹೆಸರೇ ಹಾಗಿರುವುದರಿಂದ ತಪ್ಪು ತಿಳಿಯುವುದು ಸಹಜ ಬಿಡಿ.

ಬ್ಯಾಂಕ್ ತಂತ್ರಾಂಶವೊಂದರಲ್ಲಿ ‘ಖಾತೆ’ ಎಂಬ ಕ್ಲಾಸ್ ಇದೆ ಎಂದುಕೊಳ್ಳಿ. ಪ್ರತಿ ಖಾತೆಗೂ ಹೆಸರು, ಸಂಖ್ಯೆ, ಬ್ಯಾಲೆನ್ಸ್ ಇರಬೇಕು ಎಂದು ಹೇಳುವ ನಕ್ಷೆ ಅದು. ಆ ನಕ್ಷೆಯಂತೆ ತಯಾರಾಗುವ ಒಂದೊಂದು ಖಾತೆಯೂ ಒಂದೊಂದು ಆಬ್ಜೆಕ್ಟ್. ಜಾವಾ ಭಾಷೆಯಲ್ಲಿ ‘ನ್ಯೂ’ ಎಂದು ಬರೆದಾಗ ಮೊದಲು ಮೆಮೊರಿಯಲ್ಲಿ ಜಾಗ ಸಿಗುತ್ತದೆ. ಆಗ ಬ್ಯಾಲೆನ್ಸ್ 0, ಹೆಸರಿನ ಜಾಗದಲ್ಲಿ ‘ನಲ್’, ಅಂದರೆ ಏನೂ ಇಲ್ಲ. ಕನ್‌ಸ್ಟ್ರಕ್ಟರ್‌ನ ಸರದಿ ಬರುವುದು ಆಮೇಲೆ. ಜಾಗ ಹುಡುಕುವುದು ಅದರ ಕೆಲಸವಲ್ಲ. ಸಿಕ್ಕ ಜಾಗದಲ್ಲಿ ಸರಿಯಾದ ಆರಂಭಿಕ ಮೌಲ್ಯಗಳನ್ನು ತುಂಬುವುದು ಅದರ ಕೆಲಸ. ಪೈಥಾನ್‌ನಲ್ಲಂತೂ ಈ ಎರಡಕ್ಕೂ ಬೇರೆ ಬೇರೆ ಹೆಸರುಗಳೇ ಇವೆ: ಸೃಷ್ಟಿಸಲು ‘ನ್ಯೂ’, ಸಜ್ಜುಗೊಳಿಸಲು ‘ಇನಿಟ್’.

ಮೌಲ್ಯ ತುಂಬುವುದನ್ನು ಪ್ರೋಗ್ರಾಮರ್‌ನ ನೆನಪಿಗೇ ಬಿಟ್ಟರೆ ಒಂದಲ್ಲ ಒಂದು ದಿನ ಮರೆಯುವುದು ಖಂಡಿತ. ಬೆಲ್ ಲ್ಯಾಬ್ಸ್‌ನಲ್ಲಿ ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆರಂಭಿಸಿದ ಕೆಲಸವೇ ಮುಂದೆ ಸಿ ಪ್ಲಸ್ ಪ್ಲಸ್ ಆಯಿತು. ಆ ಭಾಷೆಯಲ್ಲಿ ಮೌಲ್ಯ ಕೊಡದೆ ಬಿಟ್ಟ ಸಂಖ್ಯೆಯ ಜಾಗದಲ್ಲಿ ಹಳೆಯ ಕಸ ಉಳಿದಿರಬಹುದು. ಬ್ಯಾಲೆನ್ಸ್ ಎಷ್ಟೆಂದು ಕೇಳಿದರೆ ಬಾಯಿಗೆ ಬಂದ ಲೆಕ್ಕ ಹೇಳಿಬಿಡುತ್ತದೆ! ಕನ್‌ಸ್ಟ್ರಕ್ಟರ್ ಇದ್ದರೆ ಆಬ್ಜೆಕ್ಟ್ ಬಂದಾಗಲೆಲ್ಲ ಅದು ತಾನಾಗಿಯೇ ಓಡುತ್ತದೆ, ನಾವು ನೆನಪಿಟ್ಟು ಕರೆಯಬೇಕಿಲ್ಲ. ಅದು ಹೆಸರು, ಸಂಖ್ಯೆ ಎರಡನ್ನೂ ಕೇಳುವಂತೆ ಬರೆದಿದ್ದರೆ, ಅವನ್ನು ಕೊಡದೆ ಜಾವಾದಲ್ಲಿ ಖಾತೆ ತೆರೆಯಲಾಗದು. ಪ್ರೋಗ್ರಾಂ ಕಂಪೈಲ್ ಆಗುವುದೇ ಇಲ್ಲ. ಅರ್ಜಿ ಪೂರ್ತಿ ತುಂಬದೆ ಬ್ಯಾಂಕಿನ ಕೌಂಟರಿನಿಂದ ವಾಪಸ್ಸಾದ ಹಾಗೆ.

ನಾವು ಒಂದೂ ಕನ್‌ಸ್ಟ್ರಕ್ಟರ್ ಬರೆಯದಿದ್ದರೆ ಜಾವಾ ಕಂಪೈಲರ್ ತಾನೇ ಒಂದನ್ನು ಸೇರಿಸುತ್ತದೆ. ನಾವು ಒಂದನ್ನು ಬರೆದರೆ ಅದು ಕೈತೊಳೆದುಕೊಳ್ಳುತ್ತದೆ.

ಇಲ್ಲೇ ಒಂದು ಬಲೆ ಇದೆ. ಕನ್‌ಸ್ಟ್ರಕ್ಟರ್‌ನ ಹೆಸರು ಕ್ಲಾಸಿನ ಹೆಸರೇ ಆಗಿರಬೇಕು, ಅದಕ್ಕೆ ರಿಟರ್ನ್ ಟೈಪ್ ಇರಬಾರದು. ಆರಂಭಿಕ ಬ್ಯಾಲೆನ್ಸ್ 500 ಎಂದು ತುಂಬುವ, ಯಾವ ಮಾಹಿತಿಯನ್ನೂ ಕೇಳದ ಕನ್‌ಸ್ಟ್ರಕ್ಟರ್ ಒಂದೇ ಇದೆ ಎನ್ನಿ. ಅಭ್ಯಾಸಬಲದಿಂದ ಅದರ ಮುಂದೆ ‘ವಾಯ್ಡ್’ ಎಂದು ಬರೆದರೆ ಅದು ಸಾಮಾನ್ಯ ಮೆಥಡ್ ಆಗಿಬಿಡುತ್ತದೆ. ಜಾವಾ ಅದನ್ನು ದೋಷ ಎನ್ನುವುದಿಲ್ಲ, ತನ್ನದೇ ಖಾಲಿ ಕನ್‌ಸ್ಟ್ರಕ್ಟರ್ ಓಡಿಸುತ್ತದೆ. ನೀವು ಬರೆದ 500 ಅಲ್ಲೇ ಕುಳಿತಿರುತ್ತದೆ, ಖಾತೆಯಲ್ಲಿ ಮಾತ್ರ 0.