ಪೋಲಿಯೋ ಇಲ್ಲವೆಂದು ಹೇಳುವುದು ಹೇಗೆ?

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದೇ ವರ್ಷ ಕೇಂದ್ರ ಸರಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರಾಷ್ಟ್ರೀಯ ಪೋಲಿಯೋ ಸರ್ವೇಕ್ಷಣಾ ಯೋಜನೆಯನ್ನು ಆರಂಭಿಸಿದವು. 1995ರಲ್ಲಿ ಶುರುವಾದ ಪಲ್ಸ್ ಪೋಲಿಯೋ ಹನಿಗಳು ನಮಗೆಲ್ಲ ನೆನಪಿವೆ. ಆ ಹನಿಗಳು ರೋಗವನ್ನು ನಿಜಕ್ಕೂ ಓಡಿಸಿದವೇ ಎಂದು ಪತ್ತೆಹಚ್ಚಿದ ಈ ಇನ್ನೊಂದು ಕೆಲಸ ಮಾತ್ರ ನಮ್ಮ ಗಮನಕ್ಕೆ ಬಂದದ್ದು ಕಡಿಮೆ.

ಕೆಲಸದ ಕ್ರಮ ಸರಳ. 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತು ಜೋತುಬಿದ್ದರೂ, ಕಾರಣ ಏನೇ ಇರಲಿ, ವೈದ್ಯರು ಆರೋಗ್ಯ ಇಲಾಖೆಗೆ ತಿಳಿಸಬೇಕು. 14 ದಿನಗಳೊಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಸಲ ಮಲದ ಮಾದರಿ ಪಡೆದು, ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯಕ್ಕೆ ಕಳಿಸಬೇಕು. ಒಂದೂ ಪ್ರಕರಣ ಕಾಣದ ವಾರದಲ್ಲಿಯೂ ಆಸ್ಪತ್ರೆಗಳು ‘ಶೂನ್ಯ’ ಎಂದು ವರದಿ ಕೊಡಬೇಕು.

ಕಾಲು ಸೋತ ಮಕ್ಕಳಿಗೆಲ್ಲ ಪೋಲಿಯೋ ಇರುವುದಿಲ್ಲ. ನರಗಳ ಬೇರೆ ಕಾಯಿಲೆಯಿಂದಲೂ, ತಪ್ಪಾದ ಜಾಗಕ್ಕೆ ಚುಚ್ಚಿದ ಇಂಜೆಕ್ಷನ್ನಿನಿಂದಲೂ ಹಾಗಾಗುತ್ತದೆ. ಪೋಲಿಯೋ ಇಲ್ಲದ ಊರಿನಲ್ಲೂ ಲಕ್ಷ ಮಕ್ಕಳಿಗೆ ವರ್ಷಕ್ಕೆ ಒಬ್ಬರಾದರೂ ಹೀಗೆ ಸಿಗಲೇಬೇಕು ಎಂಬುದು ತಜ್ಞರ ಲೆಕ್ಕ. ಒಬ್ಬರೂ ಸಿಗದಿದ್ದರೆ ಅಲ್ಲಿ ಹುಡುಕುವವರಿಲ್ಲ ಎಂದೇ ಅರ್ಥ. ಸೋಂಕು ತಗಲಿದ ಸುಮಾರು 200 ಜನರಲ್ಲಿ ಒಬ್ಬರಿಗಷ್ಟೇ ಅಂಗ ಸೋಲುವುದರಿಂದ, ಕಣ್ತಪ್ಪಿದ ಒಂದು ಮಗುವಿನ ಹಿಂದೆ ನೂರಾರು ಸೋಂಕುಗಳು ಅಡಗಿರಬಹುದು.

ಪುಣೆ-ಬೆಂಗಳೂರು ಹೆದ್ದಾರಿ ಮತ್ತು ರೈಲು ಮಾರ್ಗ ತುಂಗಭದ್ರೆಯನ್ನು ದಾಟುವುದು ಹರಿಹರದಲ್ಲಿ. ಪಕ್ಕದ ದಾವಣಗೆರೆಯ ಆಸ್ಪತ್ರೆಗಳಿಗೆ ಸುತ್ತಲಿನ ಜಿಲ್ಲೆಗಳ ಮಕ್ಕಳೂ ಬರುತ್ತಾರೆ. ಜನರೊಂದಿಗೆ ಪ್ರಯಾಣಿಸಿ, ಕೊಳಕು ನೀರಿನಲ್ಲಿ ಹರಡುವ ವೈರಾಣುವಿಗೆ ಇಂತಹ ಜೋಡಿ ನಗರಗಳು ದಾರಿಯಾಗಬಲ್ಲವು. ಪೋಲಿಯೋ ತೊಲಗಿತೆಂದು ನಂಬಿದ್ದ ಕರ್ನಾಟಕಕ್ಕೆ 2003ರಲ್ಲಿ ಅದು ಉತ್ತರ ಭಾರತದಿಂದ ಮತ್ತೆ ಬಂದದ್ದನ್ನು ಮರೆಯುವಂತಿಲ್ಲ.

ಆ ವರ್ಷಗಳಲ್ಲಿ ಹನಿಯಿಂದ ಸಂತಾನಶಕ್ತಿ ಹೋಗುತ್ತದೆಂಬ ವದಂತಿ ಮುಸ್ಲಿಮ್ ಮೊಹಲ್ಲಾಗಳಲ್ಲಿ ಹಬ್ಬಿತ್ತು. ಅದನ್ನು ಅಳಿಸಲು ಉತ್ತರ ಪ್ರದೇಶದಲ್ಲಿ ಉಲಮಾಗಳು, ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯ ಮತ್ತು ಜಾಮಿಯಾ ಮಿಲ್ಲಿಯಾದಂತಹ ಸಂಸ್ಥೆಗಳು ಮುಂದೆ ಬಂದವು. ವದಂತಿಯಷ್ಟೇ ಅಪಾಯಕಾರಿ ಬಡತನ. ಮಂಡಕ್ಕಿ ಭಟ್ಟಿಯ ಕೂಲಿಕಾರನಿಗೆ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವುದು. ಎಣ್ಣೆ ತಿಕ್ಕಿಸಿ, ತಾಯತ ಕಟ್ಟಿಸಿ ಕಾಯುವಷ್ಟರಲ್ಲಿ 14 ದಿನಗಳು ಉರುಳುತ್ತವೆ. ಆದ್ದರಿಂದ ನಾಟಿ ವೈದ್ಯರನ್ನೂ ಓಣಿಯ ಕ್ಲಿನಿಕ್ಕುಗಳನ್ನೂ ಈ ಜಾಲಕ್ಕೆ ಸೇರಿಸಿಕೊಳ್ಳುವುದು ಅಗತ್ಯವಾಯಿತು.

ದೇಶದ ಕೊನೆಯ ಕಾಡು ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತವೂ ಸೇರಿದ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೋ ಮುಕ್ತ ಪ್ರಮಾಣಪತ್ರ ಸಿಕ್ಕಿತು. ಅದಕ್ಕೆ ಪುರಾವೆ ಒದಗಿಸಿದವರಲ್ಲಿ ಪೋಲಿಯೋ ಇಲ್ಲವೆಂದು ಪರೀಕ್ಷೆಯಲ್ಲಿ ಖಚಿತವಾದ ಸಾವಿರಾರು ಮಕ್ಕಳೂ ಇದ್ದಾರೆ. ಪಾಕಿಸ್ತಾನ ಮತ್ತು ಅಫಘಾನಿಸ್ತಾನಗಳಲ್ಲಿ ಈ ವೈರಾಣು ಇನ್ನೂ ಉಳಿದಿದೆ. ಹಾಗಾಗಿ ನಮ್ಮ ಓಣಿಯ ಮಗುವೊಂದು ನಿನ್ನೆ ನಡೆದು ಇಂದು ಕಾಲೂರಲಾರದಾದರೆ, ಅದೇ ದಿನ ಸರಕಾರಿ ಆಸ್ಪತ್ರೆಗೆ ಕರೆದೊಯ್ಯುವುದು ನಮ್ಮೆಲ್ಲರ ಹೊಣೆ.